ಕಾಸರಗೋಡಿನ ಹವೆಗೆ ಟೆಂಪರೇಚರ್ ಬ್ಲಾಂಕೆಟ್: ಬಣ್ಣ ಹಂಚುವುದು ಹೇಗೆ?

ನೂಲುಂಡೆ, ಬದಿಯಡ್ಕ
ಜನವರಿ 1ರಿಂದ ದಿನಕ್ಕೊಂದು ಸಾಲಿನ ಹಾಗೆ, ಆ ದಿನದ ತಾಪಮಾನಕ್ಕೆ ತಕ್ಕ ಬಣ್ಣದ ನೂಲಲ್ಲಿ, ಕ್ರೋಶಾದ ಟೆಂಪರೇಚರ್ ಬ್ಲಾಂಕೆಟ್ ಶುರು ಮಾಡುವ ಅಂತ ಉಂಟು. ಸಿಗುವ ಚಾರ್ಟೆಲ್ಲ ಹಿಮ ಬೀಳುವ ಊರಿನದು, 5 ಡಿಗ್ರಿಗೊಂದು ಬಣ್ಣ. ಇಲ್ಲಿ ಅದನ್ನೇ ಹಿಡಿದರೆ ವರ್ಷವಿಡೀ ಎರಡು ಮೂರು ಬಣ್ಣದಲ್ಲೇ ಮುಗೀತದೆ. ಅಗಲ 4 ಅಡಿ, ಉದ್ದ 6 ಅಡಿ ಸಾಕು. ಬೇಗ ಆಗ್ಲಿಕ್ಕೆ ಡಬಲ್ ಕ್ರೋಶಾ (ಎತ್ತರದ ಹೊಲಿಗೆ) ಹಾಕಬಹುದಾ? ನೂಲು ಯಾವುದು, ಎಷ್ಟು ಗ್ರಾಂ?

ಕಡ್ಡಿ ನಂಬ್ರ 4, ಮುಳ್ಳೇರಿಯ
ಡಬಲ್ ಬೇಡ ಅಕ್ಕಾ. ಒಂದು ಸಾಲು 1.2 ಸೆಂ.ಮೀ. ಅಂತ ಹಿಡಿದರೂ 365 ಸಾಲಿಗೆ 438 ಸೆಂ.ಮೀ., ಹದಿನಾಲ್ಕು ಅಡಿ ದಾಟ್ತದೆ. ಅಂಗಳಕ್ಕೆ ಹಾಸಬಹುದು, ಹೊದೆಯಲಿಕ್ಕಾಗದು. ಮಾಸ್ ಸ್ಟಿಚ್ ಹಾಕಿ: ಒಂದು ಸಿಂಗಲ್ ಕ್ರೋಶಾ (ಗಿಡ್ಡ ಹೊಲಿಗೆ), ಒಂದು ಚೈನ್ (ಬರೀ ಕುಣಿಕೆ). ಡಿಕೆ ನೂಲು (ತೀರಾ ದಪ್ಪವೂ ಅಲ್ಲ, ತೀರಾ ಸಪೂರವೂ ಅಲ್ಲ), 4 ಮಿ.ಮೀ. ಕಡ್ಡಿಯಲ್ಲಿ ಸಾಲಿಗೆ ಅರ್ಧ ಸೆಂ.ಮೀ. ಹತ್ತಿರ ಬರ್ತದೆ. ಅಲ್ಲಿಗೆ ಉದ್ದ 182 ಸೆಂ.ಮೀ., ನಿಮ್ಮ ಆರಡಿ. ಸಿಂಗಲ್ ಕ್ರೋಶಾ ಅನ್ನುವುದು ಅಮೆರಿಕದ ಹೆಸರು. ಬ್ರಿಟಿಷ್ ಪುಸ್ತಕದಲ್ಲಿ ಇದೇ ಹೊಲಿಗೆಗೆ ಡಬಲ್ ಕ್ರೋಶಾ ಅಂತಾರೆ, ಮೋಸ ಹೋಗಬೇಡಿ.

ಬುಡಕ್ಕೆ ಸಮಸಂಖ್ಯೆಯ ಚೈನ್, ಸುಮಾರು 202. ಬುಡದ ಚೈನ್ ಮಾತ್ರ 5 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಇಲ್ಲದಿದ್ದರೆ ಕೆಳಗಿನ ಅಂಚು ಬಿಗಿದು ಬ್ಲಾಂಕೆಟ್ ಬೀಸಣಿಗೆ ಹಾಗೆ ಬಿಚ್ಚಿಕೊಳ್ತದೆ. ಕೈಯ ಬಿಗಿ ಒಬ್ಬೊಬ್ಬರದು ಒಂದೊಂದು, ಹಾಗಾಗಿ ಮೊದಲು 20 ಸಾಲಿನ ತುಂಡು ಹಾಕಿ ಅಳೆಯಿರಿ.

ಬಣ್ಣಕ್ಕೆ ದಿನದ ಗರಿಷ್ಠ ತಾಪಮಾನ ಹಿಡಿಯಿರಿ. ಆಟಿಯ ಮಳೆಗೆ ಅದು 27-28ಕ್ಕೆ ಇಳಿದರೆ ಮಾರ್ಚ್-ಎಪ್ರಿಲಿನಲ್ಲಿ 34-35ರ ಹತ್ತಿರ. ಆದ್ದರಿಂದ ಒಂದು ಡಿಗ್ರಿಗೆ ಒಂದು ಬಣ್ಣ: 27ಕ್ಕಿಂತ ಕಡಿಮೆಗೆ ಒಂದು, 27ರಿಂದ 34ರವರೆಗೆ ಎಂಟು, 35 ಮತ್ತು ಮೇಲಕ್ಕೆ ಒಂದು. ಒಟ್ಟು ಹತ್ತು. 31.0ರಿಂದ 31.9ರ ತನಕ ಎಲ್ಲ 31ರ ಬಣ್ಣವೇ ಅಂತ ಮೊದಲೇ ಬರೆದಿಡಿ. ಪಕ್ಕಪಕ್ಕದ ಡಿಗ್ರಿಗೆ ತೀರಾ ಹತ್ತಿರದ ಛಾಯೆ ಬೇಡ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಾಣ್ತದೆ.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಉಂಡೆ ತೂಗಿ, ಪೂರ್ತಿ ಅಗಲದ ಹತ್ತು ಸಾಲು ಹಾಕಿ, ಪುನಃ ತೂಗಿ. 22 ಗ್ರಾಂ ಇಳಿದರೆ ಸಾಲಿಗೆ 2.2, ವರ್ಷಕ್ಕೆ 803. ಬಣ್ಣ ಬದಲಿಸುವಾಗ 15 ಸೆಂ.ಮೀ.ನ ಎರಡು ತುದಿ ಬಿಡಬೇಕಲ್ಲ, ಅದಕ್ಕೆ ಇನ್ನೊಂದು 40 ಗ್ರಾಂ. ಹೋದ ವರ್ಷದ ಅಂಕಿ ಎದುರಿಗಿಟ್ಟು ಯಾವ ಡಿಗ್ರಿಗೆ ಎಷ್ಟು ದಿನ ಅಂತ ಎಣಿಸಿ. 110 ದಿನ ಬಂದ ಬಣ್ಣಕ್ಕೆ 242 ಗ್ರಾಂ, ಅಂದರೆ 100 ಗ್ರಾಂನ ಮೂರು ಉಂಡೆ, ಒಂದೇ ಡೈ ಲಾಟಿನದ್ದು (ಒಂದೇ ಸಲಕ್ಕೆ ಬಣ್ಣ ಹಾಕಿದ್ದು). ಅಕ್ಟೋಬರದಲ್ಲಿ ಹುಡುಕಿದರೆ ಅದೇ ನಂಬ್ರದ ಬಣ್ಣ ಸಿಕ್ಕೀತು, ಅದೇ ಲಾಟು ಸಿಗುವುದು ಕಷ್ಟ.

ನೂಲು ಅಕ್ರಿಲಿಕ್ಕೇ ಇರಲಿ. ಹತ್ತಿ ಚಂದ, ಆದರೆ ಭಾರ. ಜುಲೈಯಲ್ಲಿ ಒಗೆದರೆ ಒಣಗುವ ಮೊದಲೇ ಮುಗ್ಗಲು ವಾಸನೆ.

ಚಾದರ, ಸೊಲ್ಲಾಪುರ
ನಮ್ಮ ಕಡೆ ಲೆಕ್ಕ ಬ್ಯಾರೆ ಐತ್ರಿ. ಮೇದಾಗ 40 ದಾಟತೈತಿ, ಮೂರು ಡಿಗ್ರಿಗೊಂದು ಬಣ್ಣ ಹಿಡದರೂ ನಡೀತೈತಿ. ಆದ್ರ ಅಂಚಿನ ತಪ್ಪು ಎಲ್ಲಾ ಊರಾಗೂ ಒಂದೇ. ತಿರುಗಿಸಿದಾಗ ಹಾಕಿದ ಎರಡು ಚೈನಿನ ಸಂದಿ ಐತಲ್ಲ, ಮುಂದಿನ ಸಾಲಿನ ಕಡೇ ಸಿಂಗಲ್ ಅದರೊಳಗ ಬರಬೇಕು. ಅದನ್ನ ಬಿಟ್ರ ಸಾಲಿಗೊಂದು ಹೊಲಿಗೆ ಕಮ್ಮಿ ಆಕ್ಕೋತ ಹೋಗಿ ತ್ರಿಕೋನ ಆಗತೈತಿ. 202 ಚೈನಿಗೆ ಸಾಲಿನಾಗ 100 ಸಿಂಗಲ್ ಇರಬೇಕು, ಹತ್ತು ಸಾಲಿಗೊಮ್ಮೆ ಎಣಸ್ರಿ.

ಹೊಸ ಬಣ್ಣ ಸಾಲು ಮುಗಿದ ಮ್ಯಾಲೆ ಕಟ್ಟಬ್ಯಾಡ್ರಿ. ಕಡೇ ಸಿಂಗಲ್‌ನಾಗ ಕಡ್ಡಿ ಮ್ಯಾಲೆ ಎರಡು ಕುಣಿಕೆ ಉಳದಾಗ ಹೊಸ ನೂಲು ಎಳೀರಿ. ತುದಿಗಳನ್ನ ಹೊಲಿಗೆ ಒಳಗ ಮುಚ್ಚಿಕೊಂಡು ಹೋದ್ರ ಮಾಸ್ ಸ್ಟಿಚ್ಚಿನ ಕಿಂಡಿಯಾಗ ಇಣುಕತಾವ. ಸೂಜಿಲೆ ಮೂರು ದಿಕ್ಕಿಗೆ ನೇಯ್ರಿ. ವಾರಕ್ಕೊಮ್ಮೆ ಮಾಡ್ರಿ, ಡಿಸೆಂಬರಿಗೆ ಉಳಿಸಿದ್ರ ಏಳನೂರು ತುದಿ ಕಾಯ್ತಿರ್ತಾವ.

ನೂಲುಂಡೆ, ಬದಿಯಡ್ಕ
ಎಪ್ರಿಲಿನಲ್ಲಿ ಹತ್ತು ದಿನ ಒಂದೇ ಬಣ್ಣ ಬಂದರೆ ದಿನ ಲೆಕ್ಕ ತಪ್ಪುವುದಿಲ್ವಾ? ಮತ್ತೆ ನಮ್ಮಲ್ಲಿ ಮಳೆಯೇ ದೊಡ್ಡ ಸಂಗತಿ, ಅದು ಕಾಣುವುದೇ ಇಲ್ಲ.

ಕಡ್ಡಿ ನಂಬ್ರ 4, ಮುಳ್ಳೇರಿಯ
ಒಂದೇ ಬಣ್ಣವಾದರೆ ನೂಲು ಕತ್ತರಿಸದೆ ಮುಂದುವರಿಸಿ. ಪ್ರತಿ ತಿಂಗಳ 1ನೇ ತಾರೀಕಿನ ಸಾಲಿನ ಅಂಚಿಗೆ ಒಂದು ಮಾರ್ಕರ್ ಸಿಕ್ಕಿಸಿ, ಪಿನ್ನಾದರೂ ಆದೀತು. ತಿಂಗಳಿಗೊಂದು ಬಿಳಿ ಸಾಲು ಹಾಕುವವರುಂಟು. ಉದ್ದ 6 ಸೆಂ.ಮೀ. ಹೆಚ್ಚಾಗ್ತದೆ, ಅಷ್ಟೆ.

ಬರೀ ಮಳೆಗೇ ಬಣ್ಣ ಕೊಟ್ಟರೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಹೆಚ್ಚುಕಡಿಮೆ ಒಂದೇ ಬಣ್ಣ, ಬೇಜಾರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ.ಗೆ ಭಾರೀ ಮಳೆ, 115.6ಕ್ಕೆ ಅತಿ ಭಾರೀ. ಅಂಥ ದಿನಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟು, ವರ್ಷದ ಕೊನೆಗೆ ಆ ಸಾಲಿನ ಮೇಲೆ ಬಿಳಿ ನೂಲಿನಲ್ಲಿ ಸ್ಲಿಪ್ ಸ್ಟಿಚ್ (ಕುಣಿಕೆಯೊಳಗೆ ಕುಣಿಕೆ ಎಳೆಯುವ ಚಪ್ಪಟೆ ಹೊಲಿಗೆ) ಎಳೆಯಿರಿ. 4.5ರ ಕಡ್ಡಿ, ಸಡಿಲ ಕೈ. ಬಿಗಿದರೆ ಸಾಲು ಸುಕ್ಕಾಗ್ತದೆ. ಮಳೆ ಅಳೆಯುವುದು ಬೆಳಿಗ್ಗೆ 8.30ರಿಂದ 8.30ಕ್ಕೆ, ಹಾಗಾಗಿ ಇಂದಿನ ಅಂಕಿಯಲ್ಲಿ ಹೆಚ್ಚಿನ ಪಾಲು ನಿನ್ನೆಯ ಮಳೆ. ಯಾವ ದಿನಕ್ಕೆ ಹಾಕುವುದು ಅಂತ ಈಗಲೇ ತೀರ್ಮಾನಿಸಿ. ನಡುವೆ ಹವಾಮಾನದ ಆ್ಯಪ್ ಬದಲಿಸಲೂಬೇಡಿ, ಒಂದೊಂದು ಒಂದೊಂದು ಹೇಳ್ತದೆ.

ಬದಿಯ ಬಾರ್ಡರಿಗೆ ಆರು ಸಾಲಿಗೆ ಐದು ಸಿಂಗಲ್. ಆರಕ್ಕೆ ಆರು ಹಾಕಿದರೆ ಅಂಚು ನೆರಿಗೆ ಕಟ್ತದೆ.