ಕುಮಟಾ-ಗೋಕರ್ಣ ಕಡೆ ಲಾರಿ ಇಲ್ಲದ ಮಣ್ಣುದಾರಿ: ಮಗಳ ಜೊತೆ ಎರಡು ದಿನ ಸೈಕಲ್, ದಾರಿ ಹೇಳ್ತೀರಾ?

ಸಾಧನಕೇರಿ ಸೈಕಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ವಯಸ್ಸು 43. ಆರು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಮಗಳು ಎಂಟನೇ ಕ್ಲಾಸು, ಈಗ ಅವಳೂ ನನ್ನ ಜೊತೆ ಬರುತ್ತಾಳೆ.

ಹೋದ ಸೆಪ್ಟೆಂಬರ್‌ನಲ್ಲಿ ಹಳಿಯಾಳ ರಸ್ತೆಯಲ್ಲಿ ಒಂದು ಲಾರಿ ನಮ್ಮನ್ನು ತೀರಾ ಹತ್ತಿರದಿಂದ ದಾಟಿತು. ಅದರ ತಾಡಪತ್ರಿಗೆ ಕಟ್ಟಿದ್ದ ಹಗ್ಗದ ತುದಿ ನನ್ನ ಭುಜಕ್ಕೆ ಬಡಿಯಿತು. ರಸ್ತೆ ಬಿಟ್ಟು ಗರಸಿಗೆ ಇಳಿದೆ, ಪುಣ್ಯಕ್ಕೆ ಬೀಳಲಿಲ್ಲ. ಆದರೆ ಹಿಂದೆ ಬರುತ್ತಿದ್ದ ಮಗಳು ಎಲ್ಲ ನೋಡಿದಳು. ಬ್ರೇಕ್ ಹಿಡಿದಿದ್ದ ಅವಳ ಬೆರಳು ಬಿಡಿಸಲು ನಾನೇ ಹೋಗಬೇಕಾಯಿತು. ಅವತ್ತಿನಿಂದ ನಾವು ಡಾಂಬರು ಬಿಟ್ಟಿದ್ದೇವೆ. ಕೆಲಗೇರಿ ಕೆರೆಯ ಆಚೆ, ಮನಸೂರ ಕಡೆ ಇರುವ ಚಕ್ಕಡಿ ದಾರಿಗಳಲ್ಲೇ ಭಾನುವಾರ ಬೆಳಗ್ಗೆ ಹೋಗಿ ಬರುತ್ತೇವೆ. ಕೆಂಪು ಮಣ್ಣು, ಎರಡೂ ಕಡೆ ಮಾವಿನ ತೋಟ, ಎದುರಿಗೆ ಬಂದರೆ ಒಂದು ಟ್ರ್ಯಾಕ್ಟರ್. ಅವಳ ಮುಖದಲ್ಲಿ ಮತ್ತೆ ನಗು ಬಂದಿದೆ.

ಈಗ ಅವಳಿಗೆ ಸಮುದ್ರದ ದಂಡೆಯಲ್ಲಿ ಸೈಕಲ್ ತುಳಿಯುವ ಆಸೆ. ಜೊತೆಗೆ ಮಿರ್ಜಾನ್ ಕೋಟೆ ನೋಡಬೇಕಂತೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಬಗ್ಗೆ ಓದಿದಾಗಿನಿಂದ ಇದೇ ಮಾತು. ಫೆಬ್ರವರಿಯಲ್ಲಿ ಎರಡು ದಿನ ರಜೆ ಹಾಕುತ್ತೇನೆ. ದಿನಕ್ಕೆ 35 ಕಿ.ಮೀ. ಆದರೆ ಸಾಕು. ನನ್ನದು ಮಣ್ಣುದಾರಿಗೆ ಅಂತಲೇ ಮಾಡಿದ, 40 ಎಂಎಂ ಟಯರಿನ ಗ್ರ್ಯಾವೆಲ್ ಸೈಕಲ್, ಅವಳದು 26 ಇಂಚಿನ ಎಂಟಿಬಿ, ಅಂದರೆ ಮೌಂಟನ್ ಬೈಕ್. ನಕ್ಷೆಯಲ್ಲಿ ಸಣ್ಣ ಗೆರೆಗಳು ಬಹಳ ಕಾಣುತ್ತವೆ. ಯಾವುದು ನಿಜವಾದ ದಾರಿ, ಯಾವುದು ಯಾರದೋ ಹಿತ್ತಲು, ಅದು ಮಾತ್ರ ಗೊತ್ತಾಗುತ್ತಿಲ್ಲ.

ಹೆಗಡೆ ಊರಿನವ, ಈಗ ಹುಬ್ಬಳ್ಳಿ:

ಅಕ್ಕಾವರೇ, ನಾನು ಕುಮಟಾದ ಹತ್ತಿರ ಹೆಗಡೆ ಎಂಬ ಊರಿನವನು. ಹೊಟ್ಟೆಪಾಡಿಗೆ ಹುಬ್ಬಳ್ಳಿಯಲ್ಲಿದ್ದೇನೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಸೈಕಲ್ ಕಾರಿನ ಹಿಂದೆ ಕಟ್ಟಿಕೊಂಡೇ ಹೋಗುತ್ತೇನೆ.

ಮೊದಲ ಮಾತು, ಹುಬ್ಬಳ್ಳಿಯಿಂದ ಕೆಳಗೆ ಸೈಕಲ್‌ನಲ್ಲಿ ಇಳಿಯಬೇಡಿ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತುಂಬಾ ಲಾರಿ. ಕಾರಿನಲ್ಲಿ ಬನ್ನಿ, ಅಂಕೋಲೆ ಮೇಲೆ ನಾಲ್ಕು ತಾಸಿನ ದಾರಿ. ಅಂಕೋಲೆ ಬಂದಾಗ ಮಗಳಿಗೆ ಹೇಳಿ, 1930ರಲ್ಲಿ ನಮ್ಮ ಕಡೆ ಉಪ್ಪಿನ ಸತ್ಯಾಗ್ರಹ ನಡೆದದ್ದು ಇಲ್ಲೇ ಅಂತ. ಮುಂದೆ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡುವಾಗ ಆ ಮಾತು ನೆನಪಿಗೆ ಬರುತ್ತದೆ.

ಮಿರ್ಜಾನ್ ಕೋಟೆಗೂ ಕಾರಿನಲ್ಲೇ ಹೋಗಿ. ಕೋಟೆ ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆ, ಆದರೆ ಕುಮಟಾದಿಂದ ಅಲ್ಲಿಯವರೆಗೆ ನಾಲ್ಕು ಪಥದ 66ನೇ ಹೆದ್ದಾರಿ. ನೀವು ಯಾವುದನ್ನು ಬೇಡ ಅಂದಿರೋ ಅದೇ. ಬೆಳಗ್ಗೆ ಬೇಗ ಕೋಟೆ ನೋಡಿ. ಕೆಂಪು ಚಿರೇಕಲ್ಲಿನ ಗೋಡೆಗೆ ಹಾವಸೆ ಹತ್ತಿರುತ್ತದೆ, ಒಳಗೆ ಬಾವಿಗಳಿವೆ. ಆಮೇಲೆ ಸೈಕಲ್ ಇಳಿಸಿ.

ಮೊದಲ ದಿನ ಕುಮಟಾದಿಂದ ಬಾಡ, ಕಾಗಾಲ, ಅಘನಾಶಿನಿ. ಸಣ್ಣ ರಸ್ತೆ, ನಡುನಡುವೆ ತೋಟದ ಮಣ್ಣುದಾರಿ, ಒಂದು ಕಡೆ ಕಡಲು ಇದ್ದೇ ಇರುತ್ತದೆ. ಅಘನಾಶಿನಿಯಲ್ಲಿ ದಾರಿ ನದಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಿ, ಸೈಕಲ್ ಕೂಡ ದೋಣಿಯಲ್ಲೇ. ಆಚೆ ಗೋಕರ್ಣ ಹತ್ತಿರ. ಗೋಕರ್ಣದಿಂದ ಓಂ ಬೀಚ್ ಕಡೆಯ ಕಲ್ಲು ಗುಡ್ಡದ ಕಾಲುದಾರಿಗೆ ಮಾತ್ರ ಸೈಕಲ್ ತರಬೇಡಿ, ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಸಾಣಿಕಟ್ಟೆಗೆ ಹೋಗಿ. ಬಿಸಿಲು ಏರಿದರೆ ಉಪ್ಪಿನ ಹೊಳಪಿಗೆ ಕಣ್ಣು ಬಿಡಲು ಆಗುವುದಿಲ್ಲ, ಟೋಪಿ ಇರಲಿ.

ಎರಡನೇ ದಿನ ನಮ್ಮ ಗಜನಿ. ಇದನ್ನು ಹೇಳಲಿಕ್ಕೇ ನಾನು ಬರೆಯಲು ಕೂತಿದ್ದು.

ಗಜನಿ ಅಂದರೆ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಪಕ್ಕದ ಉಪ್ಪುನೀರಿನ ಗದ್ದೆ. ಹೊಳೆ ಮತ್ತು ಗದ್ದೆಯ ನಡುವೆ ಉದ್ದಕ್ಕೂ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು, ಅದಕ್ಕೆ ನಾವು ಜಂತ್ರಡಿ ಅನ್ನುತ್ತೇವೆ. ಮಳೆ ನೀರಿಗೆ ಉಪ್ಪು ತಗ್ಗಿದಾಗ ಮಾಣಿಕಟ್ಟೆ ಕಡೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದು ಆಳೆತ್ತರ ಬೆಳೆಯುವ ಭತ್ತ ಅದು. ಗೊಬ್ಬರ ಬೇಡ, ಔಷಧ ಬೇಡ. ಅಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತು ಕೊಯ್ದದ್ದನ್ನು ನಾನು ನೋಡಿದ್ದೇನೆ. ಕೊಯ್ಲಾದ ಮೇಲೆ ಜಂತ್ರಡಿ ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ. ಆಗ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕಟ್ಟೆಯ ಮೇಲೆ ಒಬ್ಬರು ನಡೆಯುವಷ್ಟು ದಾರಿ. ಎಡಕ್ಕೂ ನೀರು, ಬಲಕ್ಕೂ ನೀರು, ನಡುವೆ ನಿಮ್ಮ ಸೈಕಲ್. ಒಂದು ಹಾರ್ನ್ ಕೇಳುವುದಿಲ್ಲ.

ಆದರೆ ಅದು ಸವಾರಿಗೆ ಮಾಡಿದ ದಾರಿ ಅಲ್ಲ, ಊರವರು ಸೇರಿ ಕಾಯುವ ಕಟ್ಟೆ. ಒಂದು ಕಡೆ ಒಡೆದರೆ ಉಪ್ಪುನೀರು ನುಗ್ಗಿ ಎಷ್ಟೋ ಮನೆಯ ಬೆಳೆ ಹೋಗುತ್ತದೆ. ಕೇಳಿಕೊಂಡು ಹತ್ತಿ. ಮಣ್ಣು ಮೆತ್ತಗಿದ್ದರೆ ಇಳಿದು ತಳ್ಳಿ. ಜಂತ್ರಡಿಯ ಹಲಗೆ ಮೇಲೆ ಸವಾರಿ ಬೇಡವೇ ಬೇಡ. ಮತ್ತೆ, ಗಡಿಯಾರ ನೋಡಿ ಹೊರಡಬೇಡಿ, ನೀರು ನೋಡಿ ಹೊರಡಿ. ಭರತ-ಇಳಿತ ದಿನಾ ಮುಕ್ಕಾಲು ತಾಸಿಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜೋರು. ಹಿಂದಿನ ಸಂಜೆ ದೋಣಿಯವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಇಳಿತದಲ್ಲಿ ಬಂದರೆ ಬಳಚು (ಚಿಪ್ಪಿನ ಮೀನು) ಆರಿಸುವವರನ್ನೂ ನೋಡಬಹುದು.

ರಾಣೆಬೆನ್ನೂರು 29:

ಮೇಡಂ, ಟಯರಿನ ಗಾಳಿಯ ಒತ್ತಡದ ಬಗ್ಗೆ ಎರಡು ಮಾತು. ಟ್ಯೂಬ್ ಇದ್ದರೆ ನಿಮ್ಮದಕ್ಕೆ 38 ಪಿಎಸ್‌ಐ, ಮಗಳದಕ್ಕೆ 26 ಇಟ್ಟು ನೋಡಿ. ಇನ್ನೂ ಇಳಿಸಿದರೆ ಚಿರೇಕಲ್ಲಿನ ಅಂಚಿಗೆ ಬಡಿದು ರಿಮ್ ಒತ್ತಿ ಟ್ಯೂಬಿಗೆ ಜೋಡಿ ತೂತು ಬೀಳುತ್ತದೆ. ನನಗೆ ಹೊನ್ನಾವರದ ಹತ್ತಿರ ಒಂದೇ ಮುಂಜಾನೆ ಎರಡು ಸಲ ಆಗಿದೆ.

ಮರಳಿನ ಮೇಲೆ ಹೋಗುವುದಾದರೆ ಇಳಿತದಲ್ಲಿ, ಒದ್ದೆಯಾಗಿ ಗಟ್ಟಿಯಾದ ಪಟ್ಟಿಯಲ್ಲಿ ಮಾತ್ರ. ಮೇಲಿನ ಒಣ ಮರಳಿನಲ್ಲಿ ಈ ಕಾಲಕ್ಕೆ ಕಡಲಾಮೆ ಮೊಟ್ಟೆ ಇಟ್ಟಿರುತ್ತದೆ. ಸಂಜೆ ಸಿಹಿನೀರಿನಲ್ಲಿ ಸೈಕಲ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾಳೆ ನೋಡಿದರಾಯಿತು ಅಂತ ಮಲಗಿದರೆ ಬೆಳಗ್ಗೆ ಚೈನು ಕುಂಕುಮದ ಬಣ್ಣ.

ಗದಗ ಗರಸು:

ಅಕ್ಕಾ, ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಅದೇ ದಿನ ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೂ ಸಿಕ್ಕಿತು! ಕಡಲಿಗೆ ಹೋಗುವ ಮೊದಲು ಅಥವಾ ಬಂದ ಮೇಲೆ ಮಗಳನ್ನು ಇಲ್ಲಿಗೂ ಕರೆತನ್ನಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಪೂರ್ತಿ ಇಲ್ಲೇ ಇರುತ್ತವೆ. ಹೊಲದಲ್ಲಿ ಮೇಯ್ದು ಬಂದು ಹಗಲು ಕೆರೆಯಲ್ಲಿ ಕೂರುತ್ತವೆ.

ಸುತ್ತ ಹೊಲದ ದಾರಿಗಳು ಬೇಕಾದಷ್ಟಿವೆ. ಒಣಗಿದ್ದಾಗ ಎರೆಮಣ್ಣಿನ ದಾರಿ ಸಿಮೆಂಟಿನ ಹಾಗೆ. ಎರಡು ಹನಿ ಬಿದ್ದರೂ ಹೊರಡಬೇಡಿ, ಮಣ್ಣು ಚಕ್ರಕ್ಕೆ ಮೆತ್ತಿ ಫೋರ್ಕಿನಲ್ಲಿ ಸಿಕ್ಕಿ ಸೈಕಲ್ ಉರುಳುವುದೇ ಇಲ್ಲ. ಜಾಲಿ ಮುಳ್ಳು ಜಾಸ್ತಿ. ಟಯರಿನೊಳಗೆ ತೂತು ಮುಚ್ಚುವ ಸೀಲಂಟ್ ದ್ರವ ಇಲ್ಲದಿದ್ದರೆ ತಲಾ ಎರಡು ಟ್ಯೂಬ್ ಇಟ್ಟುಕೊಳ್ಳಿ.

ಸಾಧನಕೇರಿ ಸೈಕಲ್:

ಹೋಗಿ ಬಂದೆವು. ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ.

ದೋಣಿಯಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬ ಅಮ್ಮ ಮಗಳ ಸೈಕಲ್ ಹ್ಯಾಂಡಲ್ ಹಿಡಿದು ಕೂತಿದ್ದರು, ಇಳಿಯುವವರೆಗೂ ಬಿಡಲಿಲ್ಲ. ಮರುದಿನ ಹೆಗಡೆಯಲ್ಲಿ ಒಬ್ಬ ಹಿರಿಯರನ್ನು ಕೇಳಿದೆವು. ಅವರೇ ಮುಂದೆ ನಡೆದು ಕಟ್ಟೆ ಹತ್ತಿಸಿದರು. ಜಂತ್ರಡಿ ಹತ್ತಿರ ಮಗಳು ಸೈಕಲ್ ಮಲಗಿಸಿ ಬೋರಲು ಬಿದ್ದು ನೋಡಿದಳು. ಹಲಗೆಯ ಸಂದಿಯಿಂದ ನೀರು ಸುಯ್ ಅಂತ ಹೊರಗೆ ಹೋಗುತ್ತಿತ್ತು. ಒಳಗಿನ ಬಲೆಯಲ್ಲಿ ಗಾಜಿನ ಚೂರಿನಂಥ ಸಿಗಡಿಗಳು. ಹಿರಿಯರು ಒಂದನ್ನು ಅವಳ ಅಂಗೈಗೆ ಹಾಕಿದರು. ಅದು ಮೀಸೆ ಆಡಿಸಿ ಚಂಗನೆ ನೀರಿಗೆ ಹಾರಿತು.

ಆಮೇಲೆ ಮೂರು ಕಿ.ಮೀ. ಅವಳೇ ಮುಂದೆ, ನಾನು ಹಿಂದೆ. ಸೆಪ್ಟೆಂಬರ್ ಆದಮೇಲೆ ಇದೇ ಮೊದಲ ಸಲ ಅವಳು ಹಿಂದೆ ತಿರುಗಿ ನೋಡದೆ ತುಳಿದದ್ದು.

ಗದಗದ ಅಣ್ಣಾ, ಹೆಬ್ಬಾತು ಇನ್ನೂ ಇವೆಯಾ? ಬರುವ ಭಾನುವಾರ ಬರಬಹುದಾ?

ಗದಗ ಗರಸು:

ಇವೆ ಅಕ್ಕಾ. ನಿನ್ನೆ ನೋಡಿ ಬಂದೆ. ಬೇಸಿಗೆಯ ಬಿಸಿಲು ಏರಿದರೆ ವಾಪಸ್ ಹೊರಡುತ್ತವೆ, ಈ ಭಾನುವಾರ ತಪ್ಪಿಸಬೇಡಿ. ಬೆಳಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ಇರುತ್ತೇನೆ. ದುರ್ಬೀನು ತರುತ್ತೇನೆ, ಮಗಳಿಗೆ ಹೇಳಿ.