ಹಳೇ ಅನಲಾಗ್ ಸಿಂಥ್ ಸೌಂಡ್ ಪುಕ್ಕಟೆ ಸಾಫ್ಟ್‌ವೇರ್‌ನಾಗ ಸಿಗ್ತಾವೇನ್ರಿ?

ಹಾವೇರಿಯಿಂದ: ಅಣ್ಣಾರ, ಅಕ್ಕಾರ, ಊರ ಭಜನಾ ಮೇಳದಾಗ ಕೀಬೋರ್ಡ್ ಬಾರಿಸ್ತೀನಿ. ಮಿಡಿ ಕೀಬೋರ್ಡ್ ಐತಿ, 4 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪ್ ಐತಿ, ರೊಕ್ಕ ಮಾತ್ರ ಇಲ್ಲ. ಮಿನಿಮೂಗ್, ಜೂನೋ ಅಂತ ಹಳೇ ಸಿಂಥ್ (ಕರೆಂಟಿನಿಂದ ದನಿ ಹುಟ್ಟಿಸೋ ಕೀಬೋರ್ಡ್) ಇದ್ವಲ್ಲ, ಆ ತರದ ದನಿ ಬೇಕು, ಹಿಂದ ಡ್ರೋನ್ (ತಂಬೂರಿಯಂಗ ಒಂದೇ ಸಮ ನಡಿಯೋ ದನಿ) ಇಡಾಕೂ ಬೇಕು. ಬಳಸಿದವ್ರು ಹೇಳ್ರಿ.

ಧಾರವಾಡದಿಂದ: ಸಿಗ್ತಾವ ತಮ್ಮಾ, ಭಾಳ ಚೊಲೋವೇ ಸಿಗ್ತಾವ. ನಾ ದಿನಾ ಹಚ್ಚೋದು ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್ ಸಾಫ್ಟ್‌ವೇರ್. ಮೊದ್ಲ ಅದಕ್ಕ ರೊಕ್ಕ ಕೊಡಬೇಕಿತ್ತು, 2018ರಾಗ ಮಾಡಿದವ್ರೇ ಸೋರ್ಸ್ ಕೋಡ್ ಎಲ್ಲಾರಿಗೂ ಬಿಟ್ಟುಕೊಟ್ರು. ಒಂದೇ ಮಷಿನ್ನಿನ ನಕಲು ಅಲ್ಲ ಅದು, ಆದ್ರ ಮಿನಿಮೂಗ್ ದನಿ ಅಂದ್ರ ಮೂರು ಆಸಿಲೇಟರು (ದನಿ ಹುಟ್ಟಿಸೋ ಭಾಗ), ಮುಂದ ಒಂದು ಲ್ಯಾಡರ್ ಫಿಲ್ಟರು (ದನಿಯ ಚೂಪು ಕಡಿಮಿ ಮಾಡೋ ಭಾಗ), ಎರಡೂ ಇದರಾಗ ಅದಾವ, ಮೂರು ಆಸಿಲೇಟರಿಗೂ ಸಾ-ಟೂತ್ (ಗರಗಸದ ಹಲ್ಲಿನ ಆಕಾರದ ಅಲೆ) ಕೊಟ್ಟು, ಒಂದರ ಶ್ರುತಿ ಒಂಚೂರು ಸರಿಸಿ (ಡಿಟ್ಯೂನ್ ಮಾಡಿ), ವಿಂಟೇಜ್ ಲ್ಯಾಡರ್ ಫಿಲ್ಟರ್ ಹಚ್ಚಿ ಅದು ಕತ್ತರಿಸೋ ಮಟ್ಟ, ಅಂದ್ರ ಕಟ್‌ಆಫ್, ಕೆಳಗ ಎಳದು ನೋಡು, ಗೊತ್ತಾಗ್ತೈತಿ.

ನಿನಗ ಡ್ರೋನ್ ಬೇಕಂದಿ ನೋಡು, ಅಲ್ಲೇ ಐತಿ ಇದರ ಖರೇ ಕೆಲಸ. ಸಾ-ಟೂತ್‌ನಾಗ ಎಲ್ಲಾ ಹಾರ್ಮೋನಿಕ್ (ಮೂಲ ಸ್ವರದ ಎರಡು, ಮೂರು, ನಾಕು ಪಟ್ಟಿನ ಕಂಪನ) ಇರ್ತಾವ, ಐದನೇದು ಶುದ್ಧ ಗಾಂಧಾರ, ತಂಬೂರಿಯಾಗ ತಾನಾಗೇ ಕೇಳ್ತೈತಲ್ಲ ಅದೇ ಗ. ಅದರ ಮ್ಯಾಲ ಕೀಬೋರ್ಡಿನ ಗ ಒತ್ತಿದ್ರ ಅದು 14 ಸೆಂಟ್ (ಪಕ್ಕದ ಎರಡು ಕೀಲಿ ನಡುವಿನ ಅಂತರದ ನೂರರಾಗ 14 ಪಾಲು) ಹೆಚ್ಚಿರ್ತೈತಿ, ಎರಡೂ ಬಡದಾಡಿ ದನಿ ಅಲಗಾಡ್ತೈತಿ. ಸರ್ಜಿನ ಟ್ಯೂನಿಂಗ್ ಮೆನುದಾಗ ಶುದ್ಧ ಸ್ವರದ ಎಸ್‌ಸಿಎಲ್ ಫೈಲ್ (ಸ್ವರಗಳ ಅಂತರ ಬರದಿಟ್ಟಿದ್ದು) ಹಾಕು, ಸಾದಾ ಟೆಕ್ಸ್ಟ್ ಫೈಲ್ ಅದು, ಗಾಂಧಾರದ ಸಾಲಿನಾಗ 5/4 ಅಂತ ಬರದಿರ್ತೈತಿ ಅಷ್ಟ. ಹಾಕಿದ ಕೂಡ್ಲೇ ಗ ತನ್ನ ಜಾಗಕ್ಕ ಬಂದು ಕೂಡ್ತೈತಿ. ಮೇಳದವ್ರ ಸಾ ಕಾಳಿ ಒಂದು (ಸಿ ಶಾರ್ಪ್) ಇದ್ರ ಯಾವ ಕೀಲಿ ಸಾ ಅಂತ ಹೇಳೋ ಕೆಬಿಎಂ ಫೈಲೂ ಬೇಕು, ಇಲ್ಲಂದ್ರ ಅದು ಸಿ ಕೀಲಿಯನ್ನೇ ಸಾ ಅಂತ ತಿಳ್ಕೊಂತೈತಿ. 1970ರ ಅಸಲಿ ಮಿನಿಮೂಗ್ ತಂದಿಟ್ರೂ ಇದು ಆಗಂಗಿಲ್ಲ, ಅದಕ್ಕ ನನಗ ಸರ್ಜೇ ಹೆಚ್ಚು.

ಹುಬ್ಬಳ್ಳಿಯಿಂದ: ಸರ್ ಹೇಳಿದ್ದು ಖರೇ, ಆದ್ರ ಸರ್ಜಿನ ಸ್ಲೈಡರ್ ನೋಡೇ ಹೊಸಬ್ರು ಗಾಬರಿ ಆಗ್ತಾರ. ಜೂನೋ ಬೇಕಂದ್ರ ಟ್ಯಾಲ್-ನಾಯ್ಸ್‌ಮೇಕರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೋರಿ, ಹಗುರ ಐತಿ, ಹಳೇ ಲ್ಯಾಪ್‌ಟಾಪಿಗೆ ಭಾರ ಆಗಂಗಿಲ್ಲ. 1982ರ ಜೂನೋ-60ದಾಗ ಒಂದು ನೋಟಿಗೆ ಒಂದೇ ಆಸಿಲೇಟರು, ದನಿ ಅಷ್ಟು ತುಂಬ್ಕೊಂಡು ಕೇಳೋದು ಕೋರಸ್ ಅನ್ನೋ ದನಿ ದಪ್ಪ ಮಾಡೋ ಎಫೆಕ್ಟಿನಿಂದ, ಹಿಂಗಾಗಿ ಮೊದ್ಲ ಕೋರಸ್ ಆನ್ ಮಾಡ್ರಿ. ಓಬರ್‌ಹೈಮ್ ಕಂಪನಿ ಸಿಂಥ್ ತರದ ದಪ್ಪ ಬ್ರಾಸ್ (ತುತ್ತೂರಿಯಂಥ ದನಿ) ಬೇಕಂದ್ರ ಓಬಿ-ಎಕ್ಸ್‌ಡಿ ಸಾಫ್ಟ್‌ವೇರ್ ಹಾಕ್ಕೋರಿ. ಆ ಕಂಪನಿಯ 1979ರ ಓಬಿ-ಎಕ್ಸ್‌ನಾಗ ಒಂದೊಂದು ವಾಯ್ಸಿಗೂ (ಒಂದು ಸಲಕ್ಕ ಬಾರಿಸೋ ಒಂದೊಂದು ಸ್ವರಕ್ಕೂ) ಬ್ಯಾರೆ ಬ್ಯಾರೆ ಬೋರ್ಡ್, ಒಂದರಂಗ ಇನ್ನೊಂದು ಇರ್ತಿದ್ದಿಲ್ಲ, ಆ ವ್ಯತ್ಯಾಸ ಹೆಚ್ಚು ಕಡಿಮಿ ಮಾಡಾಕ ಓಬಿ-ಎಕ್ಸ್‌ಡಿಯಾಗ ನಾಬ್ ಕೊಟ್ಟಾರ, ಪೂರ್ತಿ ಸೊನ್ನಿಗೆ ಇಳಿಸಬ್ಯಾಡ್ರಿ.

ಗದಗಿನಿಂದ: ಸಿಂಥ್ ಯಾವ್ದರ ಇರ್ಲಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕ ಕೂಡಿಸಿ ಕಳಿಸೋ ದನಿಯ ಸ್ಯಾಂಪಲ್‌ಗಳ ಲೆಕ್ಕ) ನೋಡ್ಕೋರಿ. ಸೆಕೆಂಡಿಗೆ 48000 ಸ್ಯಾಂಪಲ್ ರೇಟಿಗೆ ಬಫರ್ 1024 ಇದ್ರ ಅದೊಂದಕ್ಕೇ 21 ಮಿಲಿಸೆಕೆಂಡ್ ತಡ, ತಬಲಾದವ್ರ ಕೂಡ ಬಾರಿಸುವಾಗ ಹಿಂದ ಬೀಳ್ತೀರಿ. 256 ಇಟ್ರ 5 ಚಿಲ್ರ. ವಿಂಡೋಸ್ ಇದ್ದು ಹೊರಗಿಂದ ಹಚ್ಚೋ ಸೌಂಡ್ ಕಾರ್ಡ್ ಇಲ್ಲಂದ್ರ ಏಸಿಯೋ4ಆಲ್ ಡ್ರೈವರ್ ಹಾಕ್ರಿ. ಚಟಪಟ ಸಪ್ಪಳ ಬಂದ್ರ ಬಫರ್ ಏರಿಸೋಕಿಂತ ಮೊದ್ಲ ಪಾಲಿಫೋನಿ (ಒಂದು ಸಲಕ್ಕ ಎಷ್ಟು ಸ್ವರ ಬಾರಿಸ್ತೈತಿ ಅನ್ನೋದು) ಕಡಿಮಿ ಮಾಡ್ರಿ, ಲೀಡ್ ಬಾರಿಸಾಕ ಮೋನೋ ಸಾಕು, ಮಿನಿಮೂಗೂ ಒಂದು ಸಲಕ್ಕ ಒಂದೇ ಸ್ವರ ಬಾರಿಸೋ ಮಷಿನ್ನು.