ಕಾಲು, ಸೊಂಟದ ವ್ಯಾಯಾಮ: ವಾರವನ್ನು ಹೇಗೆ ಹಂಚಲಿ?

ಕೌಂಟರ್ ಮೂರು: ನನಗೆ 43 ವರ್ಷ. ಬ್ಯಾಂಕಿನಲ್ಲಿ ನಗದು ಎಣಿಸುವ ಕೆಲಸ, ದಿನವಿಡೀ ಕುರ್ಚಿಯೇ ಗತಿ. ಮೂರು ತಿಂಗಳ ಹಿಂದೆ ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದವನು ಸೊಂಟ ಹಿಡಿದುಕೊಂಡು ಅಲ್ಲೇ ನಿಂತೆ. ಅದನ್ನು ಅಡುಗೆಮನೆಗೆ ಒಯ್ದವಳು ಹೆಂಡತಿ. ಆ ಮುಖಭಂಗಕ್ಕೇ ಜಿಮ್ ಸೇರಿದೆ. ಸೋಮವಾರ ಸ್ಕ್ವಾಟ್ (ಭಾರ ಹೊತ್ತು ಬಸ್ಕಿ), ಮಂಗಳವಾರ 40 ಕಿಲೋ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಬಗ್ಗಿ ಎತ್ತುವುದು). ಬುಧವಾರ ಬೂಟಿನ ಲೇಸ್ ಕಟ್ಟಲು ಮಗಳನ್ನು ಕರೆಯಬೇಕು. ಕಲಿಸುವ ಹುಡುಗನನ್ನು ಕೇಳಿದರೆ "ಮೊದಮೊದಲು ಹಾಗೇ ಸರ್" ಎನ್ನುತ್ತಾನೆ. ಏನು ಬದಲಿಸಲಿ?

ಮಲೆನಾಡಿಗ: ಡೆಡ್‌ಲಿಫ್ಟ್ ಬಿಟ್ಟುಬಿಡಿ ಸ್ವಾಮಿ. ಈ ವಯಸ್ಸಿಗೆ ಸೂರ್ಯ ನಮಸ್ಕಾರ ಸಾಕು.

ಹಳೇ ಗರಡಿ: ಬಿಡಬೇಡಿ. ಸಿಲಿಂಡರ್ ಎತ್ತುವುದೂ ಡೆಡ್‌ಲಿಫ್ಟೇ, ಕಲಿಯದೆ ಮಾಡಿದ್ದೀರಿ ಅಷ್ಟೇ. ನನಗೆ 61. ಹುಡುಗನಾಗಿದ್ದಾಗ ದಾವಣಗೆರೆಯ ಗರಡಿಮನೆಯಲ್ಲಿ ಬಸ್ಕಿ ಹೊಡೆದವನು, ಈಗ ಮೊಮ್ಮಗನ ಜೊತೆ ಜಿಮ್ಮಿಗೆ ಹೋಗುತ್ತೇನೆ.

ಸ್ಕ್ವಾಟ್‌ನಲ್ಲೂ ಭಾರ ತಡೆಯುವುದು ಬೆನ್ನೇ. ಮಾರನೆಯ ದಿನವೇ ಡೆಡ್‌ಲಿಫ್ಟ್ ಎಂದರೆ ದಣಿದ ಕೂಲಿಯವನನ್ನೇ ಮತ್ತೆ ಕರೆದಂತೆ. ಅದನ್ನು ಗುರುವಾರಕ್ಕೆ ತಳ್ಳಿ.

ನನ್ನ ಗುಮಾನಿ ಬೇರೆಯದರ ಮೇಲೆ. ಬಾರ್, ಅಂದರೆ ಹಿಡಿದೆತ್ತುವ ಸರಳು, 20 ಕಿಲೋ ಆದರೆ ನಿಮ್ಮ 40ಕ್ಕೆ ಬದಿಗೊಂದು 10ರ ಪ್ಲೇಟ್ (ಭಾರದ ಬಿಲ್ಲೆ). ಕಬ್ಬಿಣದ 10ರ ಪ್ಲೇಟ್ ಚಿಕ್ಕದು. 45 ಸೆಂಟಿಮೀಟರ್ ಅಗಲದ ದೊಡ್ಡ ಪ್ಲೇಟ್ ಹಾಕಿದರೆ ಬಾರ್ ನೆಲದಿಂದ ಸುಮಾರು 22 ಸೆಂಟಿಮೀಟರ್ ಮೇಲಿರುತ್ತದೆ. ನಿಮ್ಮದು ಕಾಲಗಂಟಿನ ಹತ್ತಿರ ಬಿದ್ದಿರಬೇಕು. ಅಷ್ಟು ತಗ್ಗಿಗೆ ಇಳಿಯಲು ತೊಡೆಯ ಹಿಂಭಾಗ ಬಿಗಿಯಾಗಿರುವವರು ಬೆನ್ನನ್ನೇ ಬಿಲ್ಲಾಗಿಸುತ್ತಾರೆ. ಎರಡೂ ಬದಿಗೆ ಹಲಗೆ ಕೊಟ್ಟು ಬಾರನ್ನು ಮಂಡಿಯ ಕೆಳಗಿನವರೆಗೆ ಏರಿಸಿ. ಎಂಟೆಂಟರಂತೆ ಮೂರು ಸಲ, ಸದ್ಯಕ್ಕೆ 30 ಕಿಲೋ.

ಮನೆಯಲ್ಲಿ ನೆಲ ಒರೆಸುವ ಕೋಲನ್ನು ಬೆನ್ನಿನ ಉದ್ದಕ್ಕೆ ಹಿಡಿಯಿರಿ. ಹಿಂದಲೆ, ಭುಜಗಳ ನಡುವೆ, ಬಾಲಮೂಳೆ, ಮೂರೂ ಕಡೆ ತಾಗಲಿ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಮಂಡಿ ಸಡಿಲಿಸಿ, ಪೃಷ್ಠವನ್ನು ಗೋಡೆಗೆ ತಾಗಿಸಿ. ಮಡಿಕೆ ಬೀಳಬೇಕಾದದ್ದು ತೊಡೆಸಂದಿನಲ್ಲಿ. ಕೋಲು ಎಲ್ಲಿ ಬಿಟ್ಟುಕೊಂಡಿತೋ ಅಲ್ಲಿಗೆ ನಿಲ್ಲಿಸಿ.

ಬಿಳಿ ಕೋಟು: ನೋವು ಮಂಡಿಯ ಕೆಳಗೆ ಇಳಿದರೆ, ಕಾಲು ಜೋಮು ಹಿಡಿದರೆ ಹಲಗೆ, ಕೋಲು ಎಲ್ಲ ಬಿಟ್ಟು ವೈದ್ಯರಿಗೆ ತೋರಿಸಿ. ಇನ್ನೊಂದು: ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು (ಡಿಸ್ಕ್) ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಭಾರ ಎತ್ತಬೇಡಿ.

ಕೌಂಟರ್ ಮೂರು: ಟೇಪು ಒಯ್ದು ಬಾರಿನ ಎತ್ತರ ಅಳೆದೆ ಹಿರಿಯರೇ. 14 ಸೆಂಟಿಮೀಟರ್! ಹುಡುಗ ತಲೆ ಕೆರೆದುಕೊಂಡು ಎರಡು ಸ್ಟೆಪ್ಪರ್ (ಹತ್ತಿಳಿಯುವ ಮಣೆ) ತಂದು ಕೆಳಗಿಟ್ಟ. ಎರಡು ವಾರವಾಯಿತು, ಲೇಸ್ ನಾನೇ ಕಟ್ಟಿಕೊಳ್ಳುತ್ತಿದ್ದೇನೆ. ಜಿಮ್ ಸಂಜೆಗೆ ಬದಲಾಯಿತು. ಸಿಲಿಂಡರ್ ಮಾತ್ರ ಇನ್ನೂ ಹೆಂಡತಿಯದೇ ಖಾತೆ.